ರಿಜೆಕ್ಟ್ ನೀರೇ ನಮಗೆ ಬೇಕಾಗಿದ್ದು: ಮೇಪಲ್ ರಸಕ್ಕೆ ಮನೇಲೇ ಮಾಡ್ಕೊಂಡ ಆರ್‌ಒ

ನಾವಿರೋದು ಅಮೆರಿಕದ ವರ್ಮಾಂಟ್‌ನಲ್ಲಿ. ಮನೆ ತಗೊಂಡಾಗ ಹಿತ್ತಲಲ್ಲಿ 18 ದೊಡ್ಡ ಮರ ಇದ್ವು, ಅವು ಶುಗರ್ ಮೇಪಲ್, ಅವುಗಳ ರಸ ಕಾಯಿಸಿದ್ರೆ ಸಿಹಿ ಸಿರಪ್ ಆಗುತ್ತೆ ಅಂತ ಗೊತ್ತಾಗಿದ್ದೇ ಪಕ್ಕದ ಮನೆ ಅಜ್ಜ ಹೇಳಿದ್ಮೇಲೆ. ಇಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿನ ಸಭೆ ಇರುತ್ತೆ, ಟೌನ್ ಮೀಟಿಂಗ್ ಡೇ ಅಂತಾರೆ, ಆ ಹೊತ್ತಿಗೆ ಮರಕ್ಕೆ ತೂತು ಹಾಕಿ ನಳಿಗೆ ಹೊಡೆದಿರ್ಬೇಕು ಅನ್ನೋದು ಹಳಬರ ಲೆಕ್ಕ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗ್ಬೇಕು, ಹಗಲು 4-5 ಡಿಗ್ರಿಗೆ ಏರ್ಬೇಕು, ಹಾಗಿದ್ರೆ ಮಾತ್ರ ರಸ ಚೆನ್ನಾಗಿ ಇಳಿಯುತ್ತೆ.

ನಾನು ಸಾಗರದ ಕಡೆಯವನು, ಆಲೆಮನೆ ನೋಡ್ಕೊಂಡೇ ಬೆಳೆದವನು, ಹಾಗಾಗಿ ರಸ ಕಾಯಿಸೋದು ಏನ್ ಮಹಾ ಅಂದ್ಕೊಂಡಿದ್ದೆ. ಎಡವಿದ್ದು ಅಲ್ಲೇ. ಕಬ್ಬಿನ ಹಾಲಲ್ಲಿ ನೂರಕ್ಕೆ 16ರಿಂದ 20ರಷ್ಟು ಸಿಹಿ ಇದ್ರೆ ಮೇಪಲ್ ರಸದಲ್ಲಿ ಇರೋದು ಬರೀ 2. ಬಾಯಿಗೆ ಹಾಕಿದ್ರೆ ನೀರೇ, ನುಂಗಿದ್ಮೇಲೆ ಎಲ್ಲೋ ಒಂಚೂರು ಸಿಹಿ. ಸಿರಪ್ ಆಗೋಕೆ 66-67 ಬ್ರಿಕ್ಸ್ (ನೂರಕ್ಕೆ ಎಷ್ಟು ಸಕ್ಕರೆ ಅನ್ನೋ ಅಳತೆ) ಬರ್ಬೇಕು. ಇಲ್ಲಿ ಎಲ್ಲರ ಬಾಯಲ್ಲೂ ಇರೋ ಲೆಕ್ಕ ಏನಂದ್ರೆ 86ನ್ನ ರಸದ ಬ್ರಿಕ್ಸ್‌ನಿಂದ ಭಾಗಿಸು, ಬಂದಷ್ಟು ಲೀಟರ್ ರಸಕ್ಕೆ 1 ಲೀಟರ್ ಸಿರಪ್. 2 ಇದ್ರೆ 43 ಲೀಟರ್ ಬೇಕು. ಅಂದ್ರೆ 42 ಲೀಟರ್ ನೀರನ್ನ ಸೌದೆ ಸುಟ್ಟು ಆಕಾಶಕ್ಕೆ ಕಳಿಸ್ಬೇಕು.

ಮೊದಲ ವರ್ಷ ಹಾಗೇ ಮಾಡ್ದೆ. 22 ತೂತು, ಒಂದು ಒಳ್ಳೆ ದಿನ 130 ಲೀಟರ್ ರಸ ಬಂತು, ಸಿಮೆಂಟ್ ಬ್ಲಾಕ್ ಜೋಡಿಸಿದ ಒಲೆ ಮೇಲೆ ಎರಡು ಅಗಲದ ಸ್ಟೀಲ್ ತಟ್ಟೆ, ಗಂಟೆಗೆ 15 ಲೀಟರ್ ಆವಿ ಹೋದ್ರೆ ಹೆಚ್ಚು. ಬೆಳಿಗ್ಗೆ ಶುರು ಮಾಡಿದ್ದು ಮುಗಿದಾಗ ರಾತ್ರಿ ಹತ್ತಾಗಿತ್ತು, ಸಿಕ್ಕಿದ್ದು 3 ಲೀಟರ್. ಇನ್ನೊಂದ್ ದಿನ ಚಳಿ ತಡೀಲಾರದೆ ಅಡುಗೆಮನೆ ಸ್ಟವ್ ಮೇಲೆ ಇಟ್ಟೆ, ಆವಿಗೆ ಗೋಡೆ ಮೇಲಿನ ವಾಲ್‌ಪೇಪರ್ ಮೂಲೆಯಿಂದ ಬಿಟ್ಕೊಂಡ್ ಬಂತು. ಆಮೇಲೆ ಮನೆಯೊಳಗೆ ಕಾಯಿಸೋ ಮಾತೇ ಇಲ್ಲ ಅಂತ ಮನೆಯವಳ ಆರ್ಡರ್ ಆಯ್ತು.

ನಮ್ಮ ಭಾವ ಊರಲ್ಲಿ ಆರ್‌ಒ ವಾಟರ್ ಫಿಲ್ಟರ್ ಸರ್ವಿಸ್ ಮಾಡ್ತಾನೆ, ಅದೇ, ಮೆಂಬ್ರೇನ್ ಅನ್ನೋ ತೆಳು ಪೊರೆಯಲ್ಲಿ ಒತ್ತಡ ಹಾಕಿ ನೀರು ಸೋಸೋದು. ಫೋನಲ್ಲಿ ಗೋಳು ಹೇಳ್ಕೊಂಡಾಗ ಅವನು, "ಅಲ್ಲ ಭಾವ, ಮೆಂಬ್ರೇನಿನ ಆಚೆ ನೀರು ಹೋಗುತ್ತೆ, ಉಪ್ಪು ಈಚೆನೇ ಉಳಿಯುತ್ತೆ. ಸಕ್ಕರೆ ಇನ್ನೂ ದಪ್ಪ, ಅದೆಲ್ಲಿ ದಾಟುತ್ತೆ? ನೀನು ಒಳ್ಳೆ ನೀರು ಚೆಲ್ಲು, ರಿಜೆಕ್ಟ್ ಪೈಪ್ ಹಿಡ್ಕ" ಅಂದ. ರಿಜೆಕ್ಟ್ ಅಂದ್ರೆ ಮೆಂಬ್ರೇನ್ ದಾಟದೇ ಬೇರೆ ಪೈಪಲ್ಲಿ ಹೊರಬರೋ ನೀರು, ನಮ್ಮ ಸಿಹಿ ಉಳಿಯೋದು ಅದರಲ್ಲೇ. ಅಷ್ಟೇ ವಿಷಯ. ಇಲ್ಲಿ ದೊಡ್ಡ ದೊಡ್ಡ ಶುಗರ್‌ಹೌಸ್‌ಗಳಲ್ಲಿ ಇದೇ ಕೆಲಸ ಮಾಡೋ ದುಬಾರಿ ಮಷಿನ್ ಇರುತ್ತೆ, ನನಗೆ ಬೇಕಾಗಿದ್ದು ಅದರ ಮರಿ.

ತರಿಸಿದ್ದು ಇಷ್ಟು. ಮನೆ ಫಿಲ್ಟರ್‌ಗೆ ಹಾಕೋ 150 ಜಿಪಿಡಿ (ದಿನಕ್ಕೆ ಎಷ್ಟು ಗ್ಯಾಲನ್ ನೀರು ಸೋಸುತ್ತೆ ಅನ್ನೋ ಲೆಕ್ಕ) ಮೆಂಬ್ರೇನ್ ಮೂರು, ಅವನ್ನ ಕೂರಿಸೋ ಹೌಸಿಂಗ್, 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, 24 ವೋಲ್ಟ್ ಬೂಸ್ಟರ್ ಪಂಪು, ಪ್ರೆಶರ್ ಗೇಜ್, ಕಾಲಿಂಚಿನ ಪೈಪು, ಪುಶ್ ಫಿಟಿಂಗ್ಸು, ಹರಿವನ್ನ ಒಂಚೂರು ಒಂಚೂರೇ ಹೆಚ್ಚುಕಮ್ಮಿ ಮಾಡೋ ಒಂದು ನೀಡಲ್ ವಾಲ್ವ್. ಎಲ್ಲಾ ಒಂದು ಪ್ಲೈವುಡ್ ಹಲಗೆ ಮೇಲೆ ಸ್ಕ್ರೂ ಹೊಡೆದೆ. ಕಾರ್ಬನ್ ಫಿಲ್ಟರ್ ಬೇಕಂತಲೇ ಬಿಟ್ಟೆ, ಅದು ರಸದ ಘಮಾನೂ ಹೀರ್ಕೊಂಡ್ರೆ ಆಮೇಲೆ ಉಳಿಯೋದು ಬರೀ ಸಕ್ಕರೆಪಾಕ. ಮೊದಲನೇ ಮೆಂಬ್ರೇನಿನ ರಿಜೆಕ್ಟು ಎರಡನೇದಕ್ಕೆ, ಎರಡನೇದು ಮೂರನೇದಕ್ಕೆ, ಮೂರರ ಒಳ್ಳೆ ನೀರೂ ಒಂದೇ ಪೈಪಿಗೆ. ಮನೆ ಫಿಲ್ಟರಲ್ಲಿ ರಿಜೆಕ್ಟ್ ಲೈನಿಗೆ ಹರಿವು ತಡೆಯೋ ಎಫ್‌ಆರ್ (ಫ್ಲೋ ರಿಸ್ಟ್ರಿಕ್ಟರ್) ಇರುತ್ತಲ್ಲ, ಆ ಜಾಗಕ್ಕೇ ನೀಡಲ್ ವಾಲ್ವ್. ಅದನ್ನ ತಿರುಗಿಸ್ತಾ ಬಂದ್ರೆ ಗೇಜ್ ಮುಳ್ಳು ಏರುತ್ತೆ, ಸಿಹಿ ಲೈನು ಸಣ್ಣ ಆಗುತ್ತೆ, ನೀರಿನ ಲೈನು ದಪ್ಪ ಆಗುತ್ತೆ. ಎರಡೂ ಸಮ ಬಂದ್ರೆ ರಸ ಅರ್ಧ ಆಯ್ತು ಅಂತ. ಮೊದಲು ತಗೊಂಡ ಪಂಪು ಸಣ್ಣದಾಗಿ 50 ಪಿಎಸ್‌ಐ (ಒತ್ತಡದ ಅಳತೆ) ದಾಟ್ಲೇ ಇಲ್ಲ, ದೊಡ್ಡದು ಹಾಕಿದ್ಮೇಲೆ 85ಕ್ಕೆ ನಿಂತಿದೆ.

ಹೊಸ ಮೆಂಬ್ರೇನಲ್ಲಿ ಕೆಡದಿರೋಕೆ ಹಾಕಿರೋ ಕೆಮಿಕಲ್ ಇರುತ್ತೆ, ಅದು ಪೂರ್ತಿ ಹೋಗೋವರೆಗೆ ನೀರು ಬಿಟ್ಟು ಚೆಲ್ಲಿ ಆಮೇಲೆ ರಸ ಹಾಕಿ. ಕ್ಲೋರಿನ್ ಇರೋ ನಲ್ಲಿ ನೀರು ಬೇಡ, ಮೆಂಬ್ರೇನ್ ಹಾಳಾಗುತ್ತೆ. ನಮ್ಮದು ಬೋರ್ ನೀರು, ಬಚಾವ್.

ಈಗ ನಾನು ಮಾಡಿದ ದಡ್ಡತನ. ಊರಿಂದ ತಂದ ಟಿಡಿಎಸ್ ಪೆನ್ (ನೀರಲ್ಲಿ ಎಷ್ಟು ಕರಗಿದೆ ಅಂತ ನಂಬರ್ ತೋರಿಸೋದು) ಇತ್ತು, ಅದನ್ನೇ ಸಿಹಿ ಬಕೆಟ್ಟಿಗೆ ಅದ್ದಿ ಅದ್ದಿ ನಂಬರ್ ಬರ್ಕೊಂಡು ಎಷ್ಟು ಸಿಹಿ ಏರ್ತಿದೆ ಅಂತ ಗ್ರಾಫ್ ಬೇರೆ ಹಾಕಿದ್ದೆ. ಭಾವಂಗೆ ಕಳಿಸಿದ್ರೆ ನಕ್ಕುಬಿಟ್ಟ. ಒಂದು ಲೋಟ ಆರ್‌ಒ ನೀರಿಗೆ ಎರಡು ಚಮಚ ಸಕ್ಕರೆ ಕದಡಿ ಪೆನ್ ಇಡು ಅಂದ. ಇಟ್ಟೆ. ಮೊದಲು 6 ಇತ್ತು, ಕದಡಿದ ಮೇಲೂ 6. ಪೆನ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದನ್ನ, ಸಕ್ಕರೆ ಕರೆಂಟ್ ಹರಿಸಲ್ಲ. ನಾನು ಅಷ್ಟು ದಿನ ಅಳೆದಿದ್ದು ರಸದಲ್ಲಿರೋ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇಂಥದ್ದನ್ನ. ಸಿಹಿ ನೋಡೋಕೆ ರಿಫ್ರ್ಯಾಕ್ಟೋಮೀಟರೇ ಬೇಕು, ಎರಡು ಹನಿ ಹಾಕಿ ಬೆಳಕಿಗೆ ಹಿಡಿದ್ರೆ ಗೆರೆ ಕಾಣುತ್ತೆ. ಆದ್ರೂ ಪೆನ್ ಎಸೀಲಿಲ್ಲ, ಚೆಲ್ಲೋ ನೀರಿನ ಕಡೆ ಇಟ್ಕೊಂಡಿದೀನಿ. ಒಂದ್ ಸಲ ಅಲ್ಲಿ ನಂಬರ್ ದಿಢೀರ್ ಏರ್ತು, ನಾಲಿಗೆಗೆ ಹಚ್ಚಿದ್ರೆ ಸಣ್ಣಗೆ ಸಿಹಿ, ಬಿಚ್ಚಿ ನೋಡಿದ್ರೆ ಸೋರದಂತೆ ತಡೆಯೋ ಒಂದು ಓ-ರಿಂಗ್ (ರಬ್ಬರ್ ಬಳೆ) ಮಡಚ್ಕೊಂಡು ಕೂತಿತ್ತು.

ಡಬ್ಬಿ ಮೇಲೆ ಬರೆದಿರೋ ಜಿಪಿಡಿ ನಂಬಿ ಲೆಕ್ಕ ಹಾಕ್ಬೇಡಿ. ಅದು 25 ಡಿಗ್ರಿ ನೀರಿಗೆ ಹೇಳಿದ್ದು, ನಮ್ಮ ರಸ 3-4 ಡಿಗ್ರಿ, ಅಲ್ಲಿಗೇ ಹೆಚ್ಚುಕಡಿಮೆ ಅರ್ಧ ಹೋಯ್ತು. ಇದರ ಮೇಲೆ ಸಿಹಿ ಏರಿದಂಗೆ ನೀರು ಆಚೆ ಹೋಗೋಕೆ ಜಗ್ಗಾಡುತ್ತೆ. 2ರ ರಸದಲ್ಲಿ ಆಸ್ಮಾಟಿಕ್ ಪ್ರೆಶರ್ (ಸಕ್ಕರೆ ನೀರನ್ನ ಹಿಡಿದಿಟ್ಕೊಳ್ಳೋ ಬಲ, ಪಂಪು ಇದನ್ನ ಮೀರಬೇಕು) ಸುಮಾರು 20 ಪಿಎಸ್‌ಐ, 4ಕ್ಕೆ 40, 6ಕ್ಕೆ 60 ದಾಟುತ್ತೆ, 8ಕ್ಕೆ 85ರ ಆಸುಪಾಸು. ನನ್ನ ಪಂಪಿನ ದಮ್ಮೇ 85. ಹಾಗಾಗಿ ಗಂಟೆಗೆ 30 ಲೀಟರಿನಂತೆ ಮೊದಲ ಸುತ್ತಲ್ಲಿ 4 ಸಲೀಸಾಗಿ ಬರುತ್ತೆ, ಎರಡನೇ ಸುತ್ತಲ್ಲಿ ತೆವಳ್ತಾ ತೆವಳ್ತಾ 6ರ ಹತ್ರ, ಅಲ್ಲಿಂದ ಮೇಲೆ ಎಷ್ಟು ವಾಲ್ವ್ ತಿರುಗಿಸಿದ್ರೂ ಇಲ್ಲ. ಸಾಕು ಬಿಡಿ. 130 ಲೀಟರ್ ಇದ್ದಿದ್ದು 43-44ಕ್ಕೆ ಇಳಿಯುತ್ತೆ, ಒಲೆ ಮುಂದೆ ಒಂಬತ್ತು ಗಂಟೆ ಕೂರೋ ಜಾಗದಲ್ಲಿ ಮೂರು ಗಂಟೆ ಕೂತ್ರೆ ಆಯ್ತು. ಗಟ್ಟಿ ಮಾಡಿದ ರಸ ಬೇಗ ಹುಳಿ ಬರುತ್ತೆ, ನಾಳೆ ನೋಡೋಣ ಅಂತ ಇಡ್ಬೇಡಿ, ಅವತ್ತೇ ಒಲೆ ಮೇಲೆ ಹಾಕಿ. ಕೊನೇಲಿ ನೀರು ಕುದಿಯೋದಕ್ಕಿಂತ 4 ಡಿಗ್ರಿ ಮೇಲೆ ಹೋದಾಗ ಸಿರಪ್ ಹದ. ನಾನು ಥರ್ಮಾಮೀಟರ್ ನೋಡಿದ್ರೂ ಸೌಟಿಂದ ಇಳಿಬಿಟ್ಟು ಪಾಕ ನೋಡದೇ ಸಮಾಧಾನ ಇಲ್ಲ.

ಅಮ್ಮ ಬಂದಾಗ ದೋಸೆಗೆ ಹಾಕ್ಕೊಟ್ಟೆ. "ಜೋನಿ ಬೆಲ್ಲಕ್ಕೆ ನೀರು ಬೆರೆಸಿದ್ಯನೋ?" ಅಂದ್ಲು. ಆದ್ರೂ ಎರಡನೇ ದೋಸೆಗೂ ಕೇಳಿ ಹಾಕಿಸ್ಕೊಂಡ್ಲು. ಕಾಯಿಸೋದು ಕಮ್ಮಿ ಆದ್ರಿಂದ ಆರ್‌ಒ ಮಾಡಿದ್ದು ಬಣ್ಣದಲ್ಲಿ ಸ್ವಲ್ಪ ತಿಳಿ, ನನಗೇನೋ ಮೊದಲ ವರ್ಷದ ಹೊಗೆ ಹಿಡಿದ ಕಪ್ಪು ಸಿರಪ್ಪೇ ಹೆಚ್ಚು ರುಚಿ ಅನ್ಸುತ್ತೆ, ಆದ್ರೆ ಆ ರುಚಿಗೆ ಇನ್ನೊಂದ್ ಸಲ ರಾತ್ರಿವರೆಗೆ ಕೂರೋ ಶಕ್ತಿ ಇಲ್ಲ.

ಒಂದು ರಾತ್ರಿ ಸುಸ್ತಾಗಿ ಹಲಗೆನ ವರಾಂಡದಲ್ಲೇ ಬಿಟ್ಟು ಮಲಗಿದ್ದೆ, ಮೈನಸ್ 12 ಆಗಿತ್ತು. ಬೆಳಿಗ್ಗೆ ನೋಡಿದ್ರೆ ಎರಡು ಹೌಸಿಂಗ್ ಉದ್ದಕ್ಕೆ ಸೀಳಿದೆ, ಒಳಗೆ ಮಂಜಿನ ದಿಂಡು. ಈಗ ಕೆಲಸ ಆದ ಕೂಡ್ಲೇ ಅವತ್ತಿನ ಆರ್‌ಒ ನೀರಲ್ಲೇ 20 ಲೀಟರ್ ತೆಗೆದಿಟ್ಟು, ಬಾಯಿಗೆ ಸಿಹಿ ಸಿಗದಿರೋವರೆಗೆ ತೊಳೆದು, ಹಲಗೆ ಸಮೇತ ಬೇಸ್‌ಮೆಂಟಿಗೆ ಇಳಿಸ್ತೀನಿ. ಏಪ್ರಿಲಲ್ಲಿ ಮೊಗ್ಗು ಊದಿ ರಸಕ್ಕೆ ವಾಸನೆ ಬಂದ್ಮೇಲೆ ಮೆಂಬ್ರೇನ್ ಮೂರನ್ನೂ ಬಿಚ್ಚಿ, ಕೆಡದಿರೋಕೆ ಮೆಟಾಬೈಸಲ್ಫೈಟ್ ಅನ್ನೋ ಪುಡಿ ಕದಡಿದ ನೀರು ಸ್ವಲ್ಪ ಹಾಕಿ ಜಿಪ್ ಕವರಲ್ಲಿ ಕಟ್ಟಿ ಫ್ರಿಜ್‌ನ ಕೆಳಗಿನ ಅರೇಲಿ ಇಡ್ತೀನಿ. ಕವರ್ ಮೇಲೆ "ಇದು ತಿನ್ನೋದಲ್ಲ" ಅಂತ ಮನೆಯವಳು ಬರೆದು ಅಂಟಿಸಿದಾಳೆ.