ಸ್ಟಿಂಗ್‌ರೇ ಮರಿ ತಿನ್ನದೇ ಇದ್ದದ್ದು, ಸರಿಹೋದದ್ದು

ಮೋಟೊರೊ (ಸಿಹಿನೀರಿನ ಸ್ಟಿಂಗ್‌ರೇ, ಚಪ್ಪಟೆ ಮೀನು) ಮರಿ ಹುಟ್ಟಿ ಹತ್ತು ದಿನವಾದರೂ ಏನೂ ತಿನ್ನುತ್ತಿರಲಿಲ್ಲ. ಹೊಟ್ಟೆಯಡಿಯ, ಹುಟ್ಟುವಾಗಲೇ ಆಹಾರ ತುಂಬಿರುವ ಹಳದಿ ಚೀಲ ಕರಗುವವರೆಗೆ ತಿನ್ನದಿರುವುದು ಸಹಜ; ಇಲ್ಲಿ ಚೀಲ ಕರಗಿ, ಬಾಲದ ಬುಡದ ಎರಡೂ ಕಡೆ ಸೊಂಟದ ಮೃದು ಮೂಳೆ (ಕಾರ್ಟಿಲೇಜ್) ಎದ್ದು ಕಾಣುತ್ತಿತ್ತು. ಅದು ಹಸಿವಿನ ಗುರುತು, ತಡಮಾಡಬಾರದು.

ಟ್ಯಾಂಕಿನ ನೀರು ಪರೀಕ್ಷಿಸಿದಾಗ ಅಮೋನಿಯಾ 0.5 ಪಿಪಿಎಂ ಬಂತು. ಸೊನ್ನೆಯೇ ಇರಬೇಕು. ಕ್ಲೋರಿನ್ ತೆಗೆದ, ಅದೇ ಬಿಸಿಯ ನೀರಿನಿಂದ ದಿನಾ ಕಾಲು ಭಾಗ ಬದಲಿಸಿ, ಹಳೇ ಟ್ಯಾಂಕಿನಲ್ಲಿ ಓಡುತ್ತಿದ್ದ ಸ್ಪಂಜ್ ಫಿಲ್ಟರನ್ನು ಇದಕ್ಕೆ ತಂದು ಹಾಕಿದೆ. ಜಲ್ಲಿಯ ಬದಲು ನುಣುಪು ಮರಳು. ಹೀಟರಿಗೆ ಕವಚ ಬೇಕೇ ಬೇಕು, ಇಲ್ಲದಿದ್ದರೆ ಮರಿ ಅದಕ್ಕೇ ಒರಗಿ ಮೈ ಸುಟ್ಟುಕೊಳ್ಳುತ್ತದೆ.

ಆಮೇಲೆ ಫ್ರೋಜನ್ ಆಹಾರ ಬಿಟ್ಟು, ಜೀವಂತ ಕಪ್ಪುಹುಳುಗಳನ್ನು ಪಿಪೆಟ್‌ನಿಂದ ಮೂಗಿನ ಮುಂದೆಯೇ ಬಿಟ್ಟೆ. ಕಣ್ಣು ಮೇಲೆ, ಬಾಯಿ ಕೆಳಗೆ. ಮರಿ ಹೆಚ್ಚಾಗಿ ವಾಸನೆ ಹಿಡಿದು ತಿನ್ನುವುದು. ಮೈಯಂಚು ಅಲೆಯಾಡಿಸುತ್ತಾ ಹುಳುಗಳ ಮೇಲೆ ಕವುಚಿಕೊಂಡಿತು. ಈಗ ದಿನಕ್ಕೆ ಮೂರು ಸಲ, ಉಳಿದದ್ದನ್ನು ಆಗಲೇ ಸೈಫನ್ ಮಾಡುತ್ತೇನೆ.