ಮಾಗಿಯಲ್ಲಿ ಮೀನು ತರಿಸುವಾಗ ಯಾರ ಹೊಣೆ ಎಲ್ಲಿಯವರೆಗೆ

ಅಕ್ವೇರಿಯಂ ಮೀನುಗಳ ದೊಡ್ಡ ಪೇಟೆಯಾದ ಚೆನ್ನೈನ ಕೊಳತ್ತೂರು ಕಡಲಿಗೆ ಹತ್ತಿರದ ತಗ್ಗಿನಲ್ಲಿದ್ದರೆ, ನಮ್ಮ ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಲ್ಲೂ ಅಂಗಿಯ ತೋಳು ಮಡಚಿಕೊಂಡು ಮೀನು ಕಟ್ಟುವವರಿಗೆ, ಅದೇ ಪೆಟ್ಟಿಗೆ ಮರುದಿನ ಬೆಳಗಿನ ಐದು ಗಂಟೆಗೆ ಮಂಜು ಕವಿದ ಬಸ್ ನಿಲ್ದಾಣದ ಸಿಮೆಂಟು ನೆಲದ ಮೇಲೆ ಕುಳಿತಿರುತ್ತದೆ ಎಂಬುದು ಹೊಳೆಯುವುದಿಲ್ಲ. ಮೀನು ಸತ್ತ ಮೇಲೆ ಹೊಣೆ ಯಾರದು ಎಂದು ವಾದಿಸಿ ಗೆದ್ದವರನ್ನು ನಾನು ಹೆಚ್ಚು ಕಂಡಿಲ್ಲ. ಆ ಪ್ರಶ್ನೆಗೆ ಉತ್ತರ ದುಡ್ಡು ಕಳಿಸುವ ಮೊದಲೇ ಸಿದ್ಧವಾಗಿರಬೇಕು.

ಮೊದಲು ಯಾವ ಜೀವಿಯನ್ನು ತರಿಸುತ್ತಿದ್ದೇವೆ ಎಂಬುದನ್ನು ನೋಡಬೇಕು. ಮೀನಿನ ಮೈಯ ಶಾಖ ನೀರಿನ ಶಾಖವನ್ನೇ ಹಿಂಬಾಲಿಸುತ್ತದೆ. ಗೋಲ್ಡ್ ಫಿಶ್ ತಣ್ಣೀರಿಗೆ ಹೆದರುವುದಿಲ್ಲ. ಚೆರ್ರಿ ಸೀಗಡಿಯೂ ಸಾಕಷ್ಟು ತಡೆದುಕೊಳ್ಳುತ್ತದೆ. ಬೆಟ್ಟಾ, ಏಂಜೆಲ್ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತ. ಡಿಸ್ಕಸ್‌ಗೆ 28ಕ್ಕಿಂತ ಕೆಳಗೆ ಹೋಗದಿರುವುದೇ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಧನುರ್ಮಾಸದ ನಸುಕಿಗೆ 15 ಡಿಗ್ರಿಗಿಂತ ಕೆಳಗಿಳಿಯುವ ದಿನಗಳು ಉಂಟು. ಆದುದರಿಂದ ಡಿಸ್ಕಸ್ ಬೇಕೆನ್ನುವವರಿಗೆ ನನ್ನ ಸಲಹೆ ಒಂದೇ: ಕಾಯಿರಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ, ಮತ್ತು ಎರಡು ತಿಂಗಳು ತಡವಾಗಿ ತಂದ ಮೀನು ಸತ್ತುಹೋದ ಮೀನಿಗಿಂತ ಅಗ್ಗವೇ ಆಗುತ್ತದೆ.

ಕಾಯಲಾಗದಿದ್ದರೆ ಮಾತನ್ನು ಬರಹಕ್ಕೆ ಇಳಿಸಬೇಕು. ಫೋನಿನಲ್ಲಿ ಎಲ್ಲರೂ “ಏನೂ ಆಗಲ್ಲ ಸರ್” ಎನ್ನುತ್ತಾರೆ. ವಾಟ್ಸಾಪಿನಲ್ಲಿ ಹೀಗೆ ಬರೆದು ಕೇಳಿದರೆ ಉತ್ತರದ ಧಾಟಿಯೇ ಬದಲಾಗುತ್ತದೆ: “ಸರ್, ಪೆಟ್ಟಿಗೆ ಚಿಕ್ಕಬಳ್ಳಾಪುರಕ್ಕೆ ಬರಬೇಕು, ಇಲ್ಲಿ ಬೆಳಗಿನ ಜಾವ ಬಹಳ ಚಳಿ ಇರುತ್ತದೆ. ಚಳಿಯಿಂದ ಮೀನು ಸತ್ತರೂ ನಿಮ್ಮ ಡಿಓಎ ಗ್ಯಾರಂಟಿ ಅನ್ವಯಿಸುತ್ತದೆಯೇ? ಬಸ್ಸು ತಡವಾದರೆ ನಷ್ಟ ಯಾರದು? ಸತ್ತ ಮೀನಿನ ಬೆಲೆ ಮಾತ್ರ ಹಿಂತಿರುಗಿಸುತ್ತೀರೋ, ಪಾರ್ಸೆಲ್ ಖರ್ಚೂ ಸೇರುತ್ತದೆಯೋ? ವಿಡಿಯೊವನ್ನು ಎಷ್ಟು ಹೊತ್ತಿನೊಳಗೆ ಕಳಿಸಬೇಕು?” ಡಿಓಎ ಎಂದರೆ ತಲುಪಿದಾಗಲೇ ಸತ್ತಿರುವುದು, ಈ ಗ್ಯಾರಂಟಿ ಕೊಡುವ ಹಲವರು ಹವಾಮಾನವನ್ನು ಮೆಲ್ಲನೆ ಹೊರಗಿಟ್ಟಿರುತ್ತಾರೆ. ಚಳಿಯ ಹೊಣೆ ನಮ್ಮದಲ್ಲ ಎಂದು ಮುಂಚೆಯೇ ಬಾಯಿಬಿಟ್ಟು ಹೇಳುವವರನ್ನು ನಾನು ದೂರುವುದಿಲ್ಲ. ಅಂಥವರ ಜೊತೆ ವ್ಯವಹಾರ ಸುಲಭ. ಊರಿನ ಹೆಸರನ್ನೂ ಸರಿಯಾಗಿ ಕೇಳದೆ ದುಡ್ಡು ಹಾಕಿಸಿಕೊಳ್ಳುವವರಿಂದ ಮಾತ್ರ ದೂರವಿರಬೇಕು.

ಕಟ್ಟುವ ಕೆಲಸ ಪೂರ್ತಿಯಾಗಿ ಮಾರುವವರ ಹೊಣೆ. ಮೀನನ್ನು ಒಂದು ದಿನವಾದರೂ ಉಪವಾಸ ಇಟ್ಟಿರಬೇಕು, ಇಲ್ಲದಿದ್ದರೆ ಅದರ ಹೊಲಸೇ ಕವರಿನ ನೀರನ್ನು ಕೆಡಿಸುತ್ತದೆ. ಒಂದರೊಳಗೊಂದು ಎರಡು ಕವರು, ಅದರಲ್ಲಿ ಮೂರನೇ ಒಂದು ಭಾಗ ನೀರು, ಉಳಿದುದೆಲ್ಲ ಆಕ್ಸಿಜನ್, ಸುತ್ತ ಪತ್ರಿಕೆಯ ಕಾಗದ, ಹೊರಗೆ ದಪ್ಪ ಗೋಡೆಯ ಥರ್ಮಾಕೋಲ್ ಪೆಟ್ಟಿಗೆ: ಇವಿಷ್ಟೂ ಬೇಸಿಗೆಯಲ್ಲೂ ಬೇಕು, ಮಾಗಿಯಲ್ಲಂತೂ ಬಿಡುವಂತೆಯೇ ಇಲ್ಲ. ಸಣ್ಣ ಕವರಿನ ನೀರು ದೊಡ್ಡ ಕವರಿನದಕ್ಕಿಂತ ಬೇಗ ತಣ್ಣಗಾಗುವುದರಿಂದ ಒಂಟಿ ಮೀನನ್ನು ಪುಟ್ಟ ಕವರಿನಲ್ಲಿ ಕಳಿಸುವುದು ಚಳಿಗಾಲಕ್ಕೆ ಒಪ್ಪುವುದಿಲ್ಲ. ಇನ್ನು ಹೀಟ್ ಪ್ಯಾಕ್. ಅದರೊಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿಯಾಗುತ್ತದೆ. ಗಾಳಿಯೇ ಆಡದಂತೆ ಟೇಪು ಸುತ್ತಿದ ಪೆಟ್ಟಿಗೆಯಲ್ಲಿ ಅದು ತಣ್ಣಗೆ ಮಲಗಿರುತ್ತದೆ, ಕವರಿಗೆ ನೇರವಾಗಿ ತಾಗಿಸಿದರೆ ಒಂದು ಬದಿಯ ನೀರನ್ನೇ ಕಾಯಿಸಿಬಿಡುತ್ತದೆ. ಕಾಗದದಲ್ಲಿ ಸುತ್ತಿ ಮುಚ್ಚಳದ ಒಳಬದಿಗೆ ಅಂಟಿಸಿ, ಮುಚ್ಚಳಕ್ಕೆ ಒಂದೆರಡು ಸಣ್ಣ ತೂತು ಬಿಡುವುದು ಸರಿಯಾದ ಕ್ರಮ. ಆದರೂ ಹಗಲು ಹೊತ್ತು ಬಿಸಿಲಿರುವ ನಮ್ಮ ಕಡೆಗೆ ಹೀಟ್ ಪ್ಯಾಕ್ ಎರಡಲಗಿನ ಕತ್ತಿ. ಮಧ್ಯಾಹ್ನ ಹೊರಡುವ ಪೆಟ್ಟಿಗೆಗೆ ಅದನ್ನು ಹಾಕಿಸುವುದಕ್ಕಿಂತ, ಹಗಲಿನಲ್ಲೇ ಬಂದು ಸೇರುವ ಬಸ್ಸನ್ನು ಹುಡುಕುವುದು ಲೇಸು.

ದಾರಿಯ ವಿಚಾರದಲ್ಲಿ ಕಾನೂನು ನಾವು ಅಂದುಕೊಂಡಂತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸರಕನ್ನು ಸಾಗಣೆದಾರನ ಕೈಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಳ್ಳುವವನಿಗೇ ಒಪ್ಪಿಸಿದಂತೆ. ಆದರೆ ಸರಕಿನ ಸ್ವರೂಪಕ್ಕೆ ತಕ್ಕ ಸಾಗಣೆಯ ಏರ್ಪಾಡನ್ನು ಮಾರುವವನು ಮಾಡದೆ ಹೋಗಿ ಅದು ದಾರಿಯಲ್ಲಿ ಕೆಟ್ಟರೆ, ಕೊಳ್ಳುವವನು ಅವನನ್ನೇ ಹೊಣೆ ಮಾಡಬಹುದು. ಇನ್ನು 40ನೇ ಕಲಮು: ಮಾರುವವನು ತನ್ನ ಹೊಣೆಯ ಮೇಲೆ ದೂರದೂರಿಗೆ ತಲುಪಿಸಲು ಒಪ್ಪಿದ್ದರೂ, ಬೇರೆ ಮಾತಾಗಿಲ್ಲದಿದ್ದರೆ, ಸಾಗಣೆಯಲ್ಲಿ ಅನಿವಾರ್ಯವಾಗಿ ಆಗುವ ಕೆಡುಕು ಕೊಳ್ಳುವವನ ಪಾಲಿಗೆ ಬರುತ್ತದೆ. ಆ ವಾಟ್ಸಾಪ್ ಮಾತುಕತೆಗೆ ಇಷ್ಟು ಒತ್ತು ಕೊಟ್ಟದ್ದು ಈ ‘ಬೇರೆ ಮಾತು’ ಇರಲೆಂದೇ. ಜೀವಿಗೆ ಅನಗತ್ಯವಾಗಿ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧವೂ ಹೌದು. ಅಲ್ಲಿ ಪ್ರಾಣಿಯೆಂದರೆ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಗಳೂ, ಮೀನೂ ಸೇರಿ.

ಚಿತ್ತೂರು, ಮುಳಬಾಗಿಲಿನ ಮೇಲೆ ಬರುವ ಬಸ್ಸಾದರೆ ಕೋಲಾರದವರು ನಡುದಾರಿಯಲ್ಲೇ ಪೆಟ್ಟಿಗೆ ಇಳಿಸಿಕೊಳ್ಳಬಹುದು. ಚಿಕ್ಕಬಳ್ಳಾಪುರದವರಿಗೆ ಬೆಂಗಳೂರಿನಲ್ಲಿ ಬಸ್ಸು ಬದಲಾಗುವುದರಿಂದ ಚಳಿಯಲ್ಲಿ ಕಾಯುವ ಸರದಿ ಎರಡು ಸಲ. ಸಾಗಣೆಯವರು ಜೀವವಿರುವ ಪಾರ್ಸೆಲ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ, ರಸೀದಿಯಲ್ಲಿ ‘ಜೀವಂತ ಮೀನು’ ಎಂದೇ ಬರೆಸಬೇಕು. ‘ಪ್ಲಾಸ್ಟಿಕ್ ಸಾಮಾನು’ ಎಂದು ಬರೆಸಿ ಕಳಿಸಿದ ಪೆಟ್ಟಿಗೆಗಾಗಿ ಆಮೇಲೆ ಸಾಗಣೆಯವರನ್ನು ಕೇಳುವ ಬಾಯಿ ನಮಗಿರುವುದಿಲ್ಲ.

ಪೆಟ್ಟಿಗೆ ಇಳಿದ ಕ್ಷಣದಿಂದ ಹೊಣೆ ನಮ್ಮದು. ಒಂದು ಸಲ ನಸುಕಿನಲ್ಲಿ ಬಂದ ಪೆಟ್ಟಿಗೆಯನ್ನು ತಿಂಡಿ ಮುಗಿಸಿ ಒಂಬತ್ತಕ್ಕೆ ತರೋಣವೆಂದು ಬಿಟ್ಟು, ಒಂಬತ್ತು ಏಂಜೆಲ್‌ಗಳಲ್ಲಿ ನಾಲ್ಕನ್ನು ಕಳೆದುಕೊಂಡೆ. ಮಾರಿದವರು ಅರ್ಧ ಹಣ ಕೊಡಲು ಮುಂದೆ ಬಂದರೂ ಕೈಚಾಚಲು ಮನಸ್ಸಾಗಲಿಲ್ಲ, ಏಕೆಂದರೆ ಚಳಿಗೆ ಅವನ್ನು ಒಡ್ಡಿದ್ದು ನಾನೇ. ಬಸ್ಸು ಬರುವ ಮೊದಲೇ ಒಂದು ದಪ್ಪ ಕಂಬಳಿಯೊಂದಿಗೆ ಅಲ್ಲಿರಬೇಕು. ಬೈಕಿನ ಹಿಂದೆ ಬರಿಯ ಪೆಟ್ಟಿಗೆ ಕಟ್ಟಿಕೊಂಡು ಬರುವುದು ಬೇಡ.

ಮನೆಯಲ್ಲಿ ಪೆಟ್ಟಿಗೆಯ ಟೇಪು ಕತ್ತರಿಸುವ ಮೊದಲೇ ವಿಡಿಯೊ ಆರಂಭಿಸಿ, ನಡುವೆ ನಿಲ್ಲಿಸದೆ ಕವರಿನೊಳಗಿನ ಪ್ರತಿ ಮೀನನ್ನೂ ತೋರಿಸಬೇಕು. ಕವರಿನ ಹೊರಮೈಗೆ ಥರ್ಮಾಮೀಟರ್ ಒತ್ತಿ ಅದರ ಅಂಕಿಯನ್ನೂ ಹಿಡಿದಿಟ್ಟರೆ, ಸತ್ತದ್ದು ಚಳಿಗೋ ಬೇರೆ ಕಾರಣಕ್ಕೋ ಎಂಬ ವಾದಕ್ಕೆ ಆಧಾರ ಸಿಗುತ್ತದೆ. ಅಲುಗಾಡದೆ ತಳದಲ್ಲಿ ಮಲಗಿದ ಮೀನೆಲ್ಲ ಸತ್ತಿರುವುದಿಲ್ಲ. ತಣ್ಣೀರಿನಲ್ಲಿ ಉಸಿರಾಟವೇ ನಿಧಾನವಾಗುವುದರಿಂದ ಕಿವಿರುಗಳನ್ನು ತಾಳ್ಮೆಯಿಂದ ಗಮನಿಸಬೇಕು. ಮುಚ್ಚಿದ ಕವರನ್ನು ಮೊದಲು ಕೋಣೆಯ ಶಾಖದಲ್ಲಿ ಇಟ್ಟು, ಆಮೇಲೆ ದೀಪ ಆರಿಸಿದ ಟ್ಯಾಂಕಿನಲ್ಲಿ ತೇಲಿಬಿಡಬೇಕು. ನೀರು ಬಹಳ ತಣ್ಣಗಿದ್ದರೆ ವಾಡಿಕೆಯ ಕಾಲು ಗಂಟೆ ಸಾಲದು. ಕವರು ಬಿಚ್ಚಿದ ಮೇಲೆ ಮಾತ್ರ ತಡಮಾಡುವಂತಿಲ್ಲ. ಒಳಗೆ ಸೇರಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ನೀರಿನ ಪಿಎಚ್ ಏರುತ್ತದೆ, ಅದುವರೆಗೆ ಹೆಚ್ಚು ಅಪಾಯವಿಲ್ಲದ ರೂಪದಲ್ಲಿದ್ದ ಅಮೋನಿಯಾ ವಿಷವಾಗುತ್ತದೆ. ಮೀನನ್ನು ಬಲೆಯಲ್ಲಿ ಎತ್ತಿ ಬಿಡಬೇಕು, ಕವರಿನ ನೀರನ್ನು ಟ್ಯಾಂಕಿಗೆ ಸುರಿಯಬಾರದು.

ಮೀನು ಸತ್ತಿದ್ದರೆ ವಿಡಿಯೊ, ರಸೀದಿ, ಮಾತುಕತೆ ಮೂರನ್ನೂ ಅದೇ ದಿನ ಮಾರಿದವರಿಗೆ ಕಳಿಸಬೇಕು. ತಪ್ಪು ಸಾಗಣೆಯದಾಗಿದ್ದರೆ, 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಬುಕಿಂಗ್ ಆದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದೆ ಅವರ ಮೇಲೆ ದಾವೆ ಹೂಡಲಾಗದು. ಮಾರಿದವರು ಮಾತಿಗೆ ತಪ್ಪಿದರೆ 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಲು ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಚೆನ್ನೈಗೆ ಅಲೆಯಬೇಕಾಗಿಲ್ಲ.

ಜೀವಂತ ಬಂದ ಮೀನಿಗೆ ನಾಲ್ಕೈದು ದಿನ ಕಳೆದು ಬಿಳಿಚುಕ್ಕೆ ರೋಗ ಕಾಣಿಸಿಕೊಂಡರೆ ಹೊಣೆಯ ಪ್ರಶ್ನೆ ಕಠಿಣವಾಗುತ್ತದೆ. ಪರಾವಲಂಬಿ ಮಾರಿದವರ ತೊಟ್ಟಿಯಿಂದ ಬಂದಿರಬಹುದು, ಅದಕ್ಕೆ ದಾರಿ ಮಾಡಿಕೊಟ್ಟದ್ದು ಚಳಿಯ ಆಘಾತವಿರಬಹುದು, ನಮ್ಮದೇ ಟ್ಯಾಂಕಿನಲ್ಲೂ ಅದು ಇದ್ದಿರಬಹುದು. ಹೊಸ ಮೀನನ್ನು ಮೂರು ವಾರ ಬೇರೆ ಟ್ಯಾಂಕಿನಲ್ಲಿ, ಹೀಟರ್ ಹಾಕಿ ಇಟ್ಟವರು ಮಾತ್ರ ಈ ಮೂರರಲ್ಲಿ ಕೊನೆಯದನ್ನು ಧೈರ್ಯವಾಗಿ ಅಲ್ಲಗಳೆಯಬಲ್ಲರು.