ಹೊಳೆ ಬಂದ ವರ್ಷ: ನಮ್ಮೂರಿನ ನೆನಪುಗಳನ್ನು ಬರೆದಿಟ್ಟ ಅನುಭವ

ನಮ್ಮೂರು ಇರುವುದು ಶ್ರೀರಂಗಪಟ್ಟಣಕ್ಕೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕಾವೇರಿಯ ದಂಡೆಯಲ್ಲಿ. ಊರಲ್ಲಿ ಯಾರೂ ಕಾವೇರಿ ಅನ್ನುವುದಿಲ್ಲ, ಹೊಳೆ ಅಂತಲೇ ಅನ್ನುವುದು. ಮನೆತನದ ಕಥೆಯನ್ನೂ ಊರಿನ ಕಥೆಯನ್ನೂ ಬರೆದಿಡಬೇಕೆಂದು ನಾಲ್ಕು ವರ್ಷದ ಹಿಂದೆ ಹೊರಟೆ. ಮೊದಲ ದಿನವೇ ತಪ್ಪಿದೆ. ದೊಡ್ಡವ್ವನ ಮುಂದೆ ಮೊಬೈಲ್ ಇಟ್ಟು "ಊರಿನ ಇತಿಹಾಸ ಹೇಳಿ" ಅಂದೆ. "ನಂಗೇನ್ ಗೊತ್ತು ಮಗ, ಓದ್ದೋರ್ನ ಕೇಳು" ಅಂತ ಎದ್ದು ಕೊಟ್ಟಿಗೆಗೆ ಹೋದರು.

ಮುಂದಿನ ವಾರ ಅವರ ಜೊತೆ ಹೊಳೆಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, "ನೀವು ಮದುವೆಯಾಗಿ ಬಂದಾಗಲೂ ಈ ಕಲ್ಲು ಇಲ್ಲೇ ಇತ್ತಾ?" ಅಂತ ಕೇಳಿದೆ. ಎರಡು ಗಂಟೆ ಮಾತು ನಿಲ್ಲಲಿಲ್ಲ. ದಿಬ್ಬಣ ಹರಗೋಲಿನಲ್ಲಿ ದಾಟಿ ಬಂದದ್ದು, ನಡುಹೊಳೆಯಲ್ಲಿ ಹೆದರಿ ಕಣ್ಣು ಮುಚ್ಚಿಕೊಂಡದ್ದು, ಅಂಬಿಗನಿಗೆ ದುಡ್ಡು ಕೊಡದೆ ಸುಗ್ಗಿಯಲ್ಲಿ ಭತ್ತ ಅಳೆಯುತ್ತಿದ್ದದ್ದು, ಮಡುವಿಗೆ ಬಿದ್ದು ಸತ್ತ ಹುಡುಗನ ಹೆಸರು. ಅವತ್ತಿನಿಂದ ನಾನು ಯಾರನ್ನೂ ಇತಿಹಾಸ ಕೇಳಿಲ್ಲ. ಕಲ್ಲು, ಕಣಜ, ಒಡವೆ, ಗದ್ದೆಯ ಬದು, ಇಂಥದ್ದನ್ನು ಕೇಳುತ್ತೇನೆ. ಆದಷ್ಟೂ ಆ ಜಾಗಕ್ಕೇ ಹೋಗಿ ಕೇಳುತ್ತೇನೆ.

ಇಸವಿಯದ್ದು ಬೇರೆ ತೊಡಕು. ನಮ್ಮ ಹಿರಿಯರ ಲೆಕ್ಕ ಸಂವತ್ಸರದ್ದು. "ರಕ್ತಾಕ್ಷೀಲಿ ಹೊಳೆ ಬಂದಿತ್ತು" ಅಂದರೆ 1924 ಇರಬಹುದು, 1984 ಕೂಡ ಇರಬಹುದು, ಏಕೆಂದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ ಒಂದು ಪಟ್ಟಿ ಮಾಡಿಟ್ಟುಕೊಂಡೆ. ಧಾತು, ಈಶ್ವರ ಅಂದರೆ 1876ರಿಂದ 78ರ ದೊಡ್ಡ ಬರ. ಕಾಲಯುಕ್ತಿ ಅಂದರೆ ಇನ್‌ಫ್ಲುಯೆಂಜಾ ಬಂದ 1918. ಯಾರಾದರೂ ಸಂವತ್ಸರ ಹೇಳಿದ ಕೂಡಲೇ "ಆಗ ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್. ಅಣೆಕಟ್ಟು) ಮುಗಿದಿತ್ತಾ?" ಅಂತ ಕೇಳುತ್ತಿದ್ದೆ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 1931ರಲ್ಲಿ. ಹೊಳೆಯ ಬದಿಯವರಿಗೆ ಇದಕ್ಕಿಂತ ಗಟ್ಟಿಯಾದ ಗಡಿಗಲ್ಲು ಇಲ್ಲ. ಕಟ್ಟೆಗೆ ಮುಂಚಿನ ಹೊಳೆ ಬೇರೆ, ಆಮೇಲಿನ ಹೊಳೆ ಬೇರೆ.

ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಆ 1924ರ ಆಷಾಢದ ಪ್ರವಾಹ. ಅದನ್ನು ಕಣ್ಣಾರೆ ಕಂಡವರು ಈಗ ಒಬ್ಬರೂ ಇಲ್ಲ, ಕೇಳಿದವರಿದ್ದಾರೆ. ನಮ್ಮ ಬೀದಿಯಲ್ಲಿ ಕಥೆ ಒಂದೇ ತರ: ರಾತ್ರಿ ನೀರು ಏರಿತು, ದೇವರನ್ನು ಎತ್ತಿಕೊಂಡು ಎಲ್ಲರೂ ದಿಬ್ಬ ಹತ್ತಿದರು, ದೇವರ ದಯೆಯಿಂದ ಒಂದು ಜೀವವೂ ಹೋಗಲಿಲ್ಲ, ಆಮೇಲೆ ದಿಬ್ಬದ ಮೇಲೆಯೇ ಊರು ಕಟ್ಟಿದರು. ಇದನ್ನು ಐದು ಮನೆಯಲ್ಲಿ ಬರೆದುಕೊಂಡೆ. ಐದೂ ಹೊಂದಿಕೊಂಡವು, ಇದೇ ನಿಜ ಅಂದುಕೊಂಡೆ.

ವರ್ಷ ಕಳೆದ ಮೇಲೆ ಕೆಳಗಿನ ಬೀದಿಗೆ, ದಲಿತರ ಮನೆಗಳಿಗೆ ಹೋದೆ. ಮೊದಲೇ ಹೋಗಬೇಕಿತ್ತು, ಹೋಗದೇ ಇದ್ದದ್ದು ನನ್ನ ತಪ್ಪು. ಅಲ್ಲಿ ಒಬ್ಬ ಅಜ್ಜಿ ತಮ್ಮ ಅತ್ತೆಯಿಂದ ಕೇಳಿದ್ದನ್ನು ಹೇಳಿದರು. "ನೀರು ಮೊದ್ಲು ಬಂದಿದ್ದು ನಮ್ಮ ಗುಡಿಸ್ಲಿಗೆ ಕನಪ್ಪ. ನಮ್ಮತ್ತೆ ಮಗೀನ ತಲೆ ಮ್ಯಾಲೆ ಹೊತ್ಕಂಡು ನಿಂತಿದ್ರಂತೆ. ದಿಬ್ಬ ಹತ್ತಾಕೆ ನಮ್ಗೆಲ್ಲಿ ಬಿಟ್ರು? ತೋಪಲ್ಲೇ ಮೂರು ದಿನ." ಆ ಮಗು ಉಳಿಯಲಿಲ್ಲ. ಒಂದು ಜೀವವೂ ಹೋಗಲಿಲ್ಲ ಅಂತ ಐದು ಸಲ ಬರೆದುಕೊಂಡ ಪುಟವನ್ನು ಆ ರಾತ್ರಿ ಮತ್ತೆ ತೆರೆದು ನೋಡಿದೆ. ನಿದ್ದೆ ಬರಲಿಲ್ಲ.

ಇಂಥ ಕಡೆ ಕಾಗದ ನೆರವಿಗೆ ಬರುತ್ತದೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಸಿಗುತ್ತದೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸರ್ವೆ ನಂಬರುಗಳ ಮೇಲೆ ಹಿರಿಯರು ಹೇಳಿದ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ: ಹೊಳೆಗದ್ದೆ, ಮಡುವಿನ ಮೂಲೆ, ಹಾಳೂರು ತಿಟ್ಟು. ಆ ಹಾಳೂರು ತಿಟ್ಟೇ ನಮ್ಮ ಹಳೇ ಊರು, ಈಗ ಕಬ್ಬು ಬೆಳೆಯುತ್ತಾರೆ. ಉತ್ತಾಗ ಈಗಲೂ ಮಡಕೆ ಚೂರು ಏಳುತ್ತವೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಹಳೆಯ ಕೈಬರಹದ ಪಹಣಿ ಮತ್ತು ಇನಾಂ ಜಮೀನಿನ ಪುಟಗಳ ನಕಲು ತೆಗೆಸಿದೆ, ನಾಲ್ಕು ಸಲ ಅಲೆಯಬೇಕಾಯಿತು. ತೋಟಿ ಇನಾಂ, ಅಂದರೆ ಊರಿನ ಚಾಕರಿಗಾಗಿ ದಲಿತರಿಗೆ ಬಿಟ್ಟ ಜಮೀನು, ಅಂತ ನಮೂದಾದ ತುಂಡುಗಳೆಲ್ಲ ಹೊಳೆಯ ಅಂಚಿನಲ್ಲೇ ಇದ್ದವು, ತಗ್ಗಿನಲ್ಲಿ. ನೀರು ಮೊದಲು ಯಾರ ಬಾಗಿಲಿಗೆ ಬಂದಿರಬೇಕು ಎಂಬುದನ್ನು ನಕ್ಷೆಯೇ ತೋರಿಸುತ್ತಿತ್ತು. ಹಳೆಯ ಕಾಗದ ಹುಡುಕುವವರು ಒಂದು ನೆನಪಿಡಿ: ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಅದಕ್ಕೂ ಹಿಂದಿನದೆಲ್ಲ ಮೈಸೂರು ಜಿಲ್ಲೆಯ ಹೆಸರಿನಲ್ಲಿರುತ್ತದೆ.

ಶಾಸನ ಇದೆಯೇ ಎಂದು ನೋಡಲು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟ (1894) ತಿರುವಿದೆ. ನಮ್ಮ ಸೀಮೆಯ ತಾಲ್ಲೂಕುಗಳು ಅದರಲ್ಲೇ ಬರುತ್ತವೆ. ನಮ್ಮೂರಿನದು ಇರಲಿಲ್ಲ. ಅಕ್ಷರವಿಲ್ಲದ ಒಂದು ವೀರಗಲ್ಲು ಮಾತ್ರ ಇದೆ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಅದಕ್ಕೆ ಎಣ್ಣೆ, ಸುಣ್ಣ ಹಚ್ಚದಂತೆ ಹುಡುಗರಿಗೆ ಹೇಳಿದ್ದೇನೆ. ರಾತ್ರಿ ಹೊತ್ತು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಗೆರೆಯೂ ಎದ್ದು ಕಾಣುತ್ತದೆ, ಫೋಟೋ ತೆಗೆದದ್ದು ಹಾಗೆಯೇ.

ನಮ್ಮ ಮನೆತನದ ತಲೆಮಾರುಗಳು ಸಿಕ್ಕಿದ್ದು, ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರಿಂದ. ಅಜ್ಜನ ಕಾಲದಲ್ಲಿ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ. ಈಗ ಬರುವವರು ಬೈಕಿನಲ್ಲಿ ಪುಸ್ತಕ ತರುತ್ತಾರೆ. ಜಗಲಿಯಲ್ಲಿ ಕೂತು ಅವರು ಒಂಬತ್ತು ತಲೆ ಓದಿದಾಗ ಅಪ್ಪ ಕಣ್ಣೊರೆಸಿಕೊಂಡರು. ಆದರೆ ಓದಿದ್ದರಲ್ಲಿ ಇದ್ದದ್ದು ಗಂಡಸರ ಹೆಸರೇ. ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟರು, ಸೊಸೆಯರು ಯಾವ ಊರಿಂದ ಬಂದರು ಎಂಬುದು ದೊಡ್ಡವ್ವನ ಬಾಯಲ್ಲಷ್ಟೇ ಇತ್ತು. ಅದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದೆ. ನನಗೆ ಆ ನೋಟ್‌ಬುಕ್ಕೇ ಹೆಚ್ಚು ಬೆಲೆಯದ್ದು. ಹೊಳೆಯಾಚೆಯ ಊರುಗಳ ನಂಟು ಪೂರ್ತಿ ಅದರಲ್ಲಿದೆ. ಹರಗೋಲು ಇದ್ದ ಕಾಲದಲ್ಲಿ ಆಚೆ ದಡದಿಂದ ಹೆಣ್ಣು ತರುತ್ತಿದ್ದರು. ಬಸ್ಸು ಬಂದ ಮೇಲೆ ರಸ್ತೆಯ ಕಡೆಯ ಊರುಗಳಿಂದ ತಂದರು.

ಎಲ್ಲವನ್ನೂ ಬರೆಯಲಿಲ್ಲ. ಒಂದು ಮನೆಯ ದತ್ತು, ಇನ್ನೊಂದರ ಪಾಲಿನ ವ್ಯಾಜ್ಯ ಕೈಬಿಟ್ಟೆ, ಬದುಕಿರುವವರಿಗೆ ನೋವಾಗುತ್ತದೆ. ಆದರೆ ಪ್ರವಾಹದ ಎರಡೂ ಕಥೆಗಳನ್ನು ಅಕ್ಕಪಕ್ಕದ ಪುಟದಲ್ಲಿ ಇಟ್ಟೆ. ನಮ್ಮ ಬೀದಿಯ ಇಬ್ಬರು ಹಿರಿಯರು ತೆಗೆದುಹಾಕು ಅಂದರು. ತೆಗೆಯಲಿಲ್ಲ. ಒಬ್ಬರು ಈಗಲೂ ಮಾತಾಡಿಸುವುದಿಲ್ಲ.

ಕರಡನ್ನು ಕೆಳಗಿನ ಬೀದಿಯ ಅಜ್ಜಿಗೆ ಓದಿ ಹೇಳಲು ಹೋದೆ. ಕೊನೆವರೆಗೂ ಕೇಳಿ, "ನಮ್ಮತ್ತೆ ಹೆಸರೇ ಹಾಕಿಲ್ವಲ್ಲಪ್ಪ" ಅಂದರು. ಹೌದು, ಕೇಳಿಯೇ ಇರಲಿಲ್ಲ. ಅಲ್ಲೇ ಕೂತು ಬರೆದುಕೊಂಡೆ. ಆಮೇಲೆ ಆ ಮಗುವಿನ ಹೆಸರನ್ನೂ ಕೇಳಿದೆ. "ಇನ್ನೂ ಹೆಸ್ರು ಇಟ್ಟಿರ್ಲಿಲ್ವಂತೆ" ಅಂದರು.